ಪೀಣ್ಯಕ್ಕೆ ಹೋದ ಸೀಸೆಗಳು

ಆರನೆಯ ವಾರದ ರಕ್ತಪರೀಕ್ಷೆಯ ಚೀಟಿಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೆ. ಒಟ್ಟು ಹದಿನಾಲ್ಕು ಚೀಟಿ. ಒಂಬತ್ತರಲ್ಲಿ ಹಿಮೋಗ್ಲೋಬಿನ್ ಏರಿತ್ತು. ಐದರಲ್ಲಿ ಏರಿರಲಿಲ್ಲ, ಅದರಲ್ಲೂ ಎರಡರಲ್ಲಿ ಇಳಿದಿತ್ತು. ಒಂದೇ ಔಷಧಿ ಎಲ್ಲರ ಮೈಗೂ ಒಗ್ಗಬೇಕೆಂದೇನಿಲ್ಲ, ಅಷ್ಟು ನನಗೂ ಗೊತ್ತು. ಆದರೆ ಏರದ ಆ ಐವರೂ ಪೀಣ್ಯದ ಕಡೆಯವರು. ಏರಿದ ಒಂಬತ್ತು ಮಂದಿಯಲ್ಲಿ ಪೀಣ್ಯದವರು ಒಬ್ಬರೂ ಇಲ್ಲ. ಮೂಳೆಯೊಳಗಿನ ಕಾಯಿಲೆಗೆ ಊರು ಕೇರಿ ಎಲ್ಲಿ ಗೊತ್ತಾಗಬೇಕು?

ಇದು ತೊಂಬತ್ತರ ದಶಕದ ಕೊನೆಯ ಮಾತು. ವೈಟ್‌ಫೀಲ್ಡ್ ಕಡೆಯ ಒಂದು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದ ನನ್ನನ್ನು ಹೊಸ ಔಷಧಿಯೊಂದರ ಪ್ರಯೋಗಕ್ಕೆ ಕೋಆರ್ಡಿನೇಟರ್ ಮಾಡಿದ್ದರು. ಹೆಸರು ದೊಡ್ಡದು, ಕೆಲಸ ಗುಮಾಸ್ತಿಕೆ. ರೋಗಿಗಳ ಒಪ್ಪಿಗೆ ಪತ್ರ, ರಕ್ತದ ಮಾದರಿ, ಔಷಧಿಯ ದಾಸ್ತಾನು, ಬಳಸಿದ ಖಾಲಿ ಸೀಸೆಗಳು, ಎಲ್ಲವನ್ನೂ ರಿಜಿಸ್ಟರಿಗೆ ಏರಿಸಿ ಬೊಂಬಾಯಿಯಲ್ಲಿದ್ದ ಕಂಪನಿಗೆ ಫ್ಯಾಕ್ಸ್ ಮಾಡಬೇಕು. ರಿಜಿಸ್ಟರಿನ ಗೆರೆಗಳ ನಡುವೆ ಯಾರಾದರೂ ಒಂದು ಮನೆ ಖಾಲಿ ಬಿಟ್ಟರೆ ನನಗೆ ಮೈ ಉರಿಯುತ್ತಿತ್ತು. ವಾರ್ಡಿನ ನರ್ಸುಗಳು ಬೆನ್ನ ಹಿಂದೆ ನನ್ನನ್ನು ‘ಹೆಡ್‌ಮೇಷ್ಟ್ರು’ ಎನ್ನುತ್ತಿದ್ದರೆಂದು ಆಮೇಲೆ ಗೊತ್ತಾಯಿತು. ನಾನು ದಾವಣಗೆರೆಯ ಮೇಷ್ಟರೊಬ್ಬರ ಮಗಳೇ. ಬೇಜಾರಾಗಲಿಲ್ಲ.

ಕಾಯಿಲೆಯ ಹೆಸರು ಮಲ್ಟಿಪಲ್ ಮೈಲೋಮಾ, ಮೂಳೆಯ ಮಜ್ಜೆಯಲ್ಲಿ ಹುಟ್ಟುವ ಕ್ಯಾನ್ಸರ್. ಕೆಟ್ಟ ಕಣಗಳು ಮಜ್ಜೆಯ ಜಾಗವನ್ನೆಲ್ಲ ಹಿಡಿದುಕೊಂಡು ಕೆಂಪು ಕಣಗಳು ಹುಟ್ಟುವುದಕ್ಕೇ ಅಡ್ಡಿಯಾಗುತ್ತವೆ. ಒಂದು ಕಡೆ ಮೂಳೆ ನೋವು, ಇನ್ನೊಂದು ಕಡೆ ರಕ್ತಹೀನತೆ. ಕ್ಯಾನ್ಸರಿಗೆ ಮಾತ್ರೆಗಳಿದ್ದವು. ರಕ್ತಹೀನತೆಗೆ ಬೇರೆಯವರ ರಕ್ತ ಹಾಕುವುದು ಬಿಟ್ಟರೆ ನಮ್ಮಲ್ಲಿ ದಾರಿ ಇರಲಿಲ್ಲ. ನಾವು ಪ್ರಯೋಗಕ್ಕೆ ತೆಗೆದುಕೊಂಡದ್ದು ಒಂದು ಹಾರ್ಮೋನು. ಆರೋಗ್ಯವಂತರಲ್ಲಿ ಅದು ಮೂತ್ರಪಿಂಡದಲ್ಲಿ ತಾನಾಗಿ ಹುಟ್ಟಿ, ಕೆಂಪು ಕಣ ತಯಾರಿಸು ಎಂದು ಮಜ್ಜೆಗೆ ತಾಕೀತು ಮಾಡುತ್ತದೆ. ಅದನ್ನೇ ಕಾರ್ಖಾನೆಯಲ್ಲಿ ತಯಾರಿಸಿ ಹೆಬ್ಬೆರಳಿನಷ್ಟು ಸೀಸೆಗಳಲ್ಲಿ ತುಂಬಿ ಕಳಿಸುತ್ತಿದ್ದರು. ವಾರಕ್ಕೆ ಮೂರು ಸಲ ಹೊಟ್ಟೆಯ ಚರ್ಮದಡಿ ಚುಚ್ಚಬೇಕು. ಹನ್ನೆರಡು ವಾರದೊಳಗೆ, ಬೇರೆ ರಕ್ತ ಹಾಕಿಸಿಕೊಳ್ಳದೆ, ಹಿಮೋಗ್ಲೋಬಿನ್ ಎರಡು ಗ್ರಾಂ ಏರಬೇಕು. ಏರದಿದ್ದರೆ ‘ಫಲ ಕಾಣಲಿಲ್ಲ’ ಎಂದು ಬರೆದು ಆ ರೋಗಿಯನ್ನು ಪ್ರಯೋಗದಿಂದ ಬಿಡಬೇಕು.

ಪೀಣ್ಯದವರನ್ನು ಸೇರಿಸಿಕೊಂಡದ್ದು ನನ್ನ ಹಟದಿಂದಲೇ. ಪೀಣ್ಯದ ಪಕ್ಕದ ನಾಗಸಂದ್ರದಿಂದ ವೈಟ್‌ಫೀಲ್ಡಿಗೆ ಬರಬೇಕಾದರೆ ಮೂರು ಬಸ್ಸು ಬದಲಿಸಬೇಕು. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವವರು ವಾರಕ್ಕೆ ಮೂರು ಸಲ ಹೇಗೆ ಬಂದಾರು? ಪೀಣ್ಯದ ಸಣ್ಣ ಕಾರ್ಖಾನೆಗಳ ಕೆಲಸಗಾರರಿಗೆಂದು ಅಲ್ಲೊಂದು ಡಿಸ್ಪೆನ್ಸರಿ ಇತ್ತು. ಸೋಮವಾರ ನಮ್ಮ ಆಸ್ಪತ್ರೆಯ ವ್ಯಾನು ವಾರದ ಸೀಸೆಗಳನ್ನು ತಂಪು ಪೆಟ್ಟಿಗೆಯಲ್ಲಿ ಅಲ್ಲಿಗೆ ಮುಟ್ಟಿಸುವುದು, ಅಲ್ಲಿನ ಸಿಸ್ಟರ್ ಅವನ್ನು ಫ್ರಿಜ್ಜಿನಲ್ಲಿಟ್ಟು ವಾರವಿಡೀ ಚುಚ್ಚುವುದು, ಹದಿನೈದು ದಿನಕ್ಕೊಮ್ಮೆ ರೋಗಿಗಳು ನಮ್ಮಲ್ಲಿಗೆ ಬರುವುದು ಎಂದು ವ್ಯವಸ್ಥೆ ಮಾಡಿದೆ. ಔಷಧಿಯನ್ನು ಎರಡರಿಂದ ಎಂಟು ಡಿಗ್ರಿಯ ನಡುವೆ ಇಡಬೇಕು. ಅದಕ್ಕೆ ನಾನೇ ಒಂದು ಥರ್ಮಾಮೀಟರ್ ಕೊಟ್ಟೆ, ಬೆಳಿಗ್ಗೆ ಸಂಜೆ ಬರೆದಿಡಲು ಹಾಳೆ ಕೊಟ್ಟೆ, ಕನ್ನಡದಲ್ಲಿ ದುಂಡಗೆ ಸೂಚನೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಬಂದೆ. ಎಲ್ಲ ಸರಿಯಾಗಿದೆಯೆಂದು ಸಹಿಯನ್ನೂ ಹಾಕಿದೆ.

ಐವರಲ್ಲಿ ಒಬ್ಬರು ಟರ್ನರ್. ಗದಗ ಕಡೆಯವರು, ಐವತ್ತರ ಆಸುಪಾಸು. ಇಪ್ಪತ್ತು ವರ್ಷದಿಂದ ಲೇಥ್ ಮಷೀನಿನ ಮುಂದೆ ನಿಂತು ಲೋಹ ಕಡೆದವರು. ನಾಗಸಂದ್ರದಲ್ಲಿ ಎರಡನೆಯ ಮಹಡಿಯ ಬಾಡಿಗೆ ರೂಮಿಗೆ ಹತ್ತಲು ನಡುವೆ ಮೂರು ಕಡೆ ಕೂರುತ್ತಿದ್ದರು. ಮೂರು ವಾರಕ್ಕೊಮ್ಮೆ ಎರಡು ಬಾಟಲಿ ರಕ್ತ ಹಾಕಬೇಕಿತ್ತು. ಆಗೆಲ್ಲ ಎಷ್ಟು ಬಾಟಲಿ ಬೇಕೋ ಅಷ್ಟು ದಾನಿಗಳನ್ನು ರೋಗಿಯ ಕಡೆಯವರೇ ಕರೆತರಬೇಕು. ಅವರ ವರ್ಕ್‌ಶಾಪಿನ ಹುಡುಗರು ಸರದಿ ಹಾಕಿಕೊಂಡು, ವಾರದ ರಜೆಯ ದಿನ ಬಸ್ಸು ಹತ್ತಿ ಬಂದು ಕೊಟ್ಟು ಹೋಗುತ್ತಿದ್ದರು. ಒಮ್ಮೆ ಕೊಟ್ಟವರು ಮತ್ತೆ ಮೂರು ತಿಂಗಳು ಕೊಡುವಂತಿಲ್ಲ. ಸರದಿ ಮುಗಿಯುತ್ತಾ ಬಂದಿತ್ತು.

“ಹುಡುಗ್ರ ಮುಖಾ ನೋಡಾಕ ನಾಚಿಕಿ ಆಗ್ತೈತ್ರಿ ಮೇಡಂ,” ಎಂದಿದ್ದರು ಆರನೆಯ ವಾರ ಬಂದಾಗ. “ದಿನಾ ಹತ್ತು ತಾಸು ನಿಂತು ದುಡಿಯೂ ಮಂದಿ. ಅವರ ರಕ್ತ ಎಷ್ಟಂತ ಕುಡೀಲಿ? ಈ ಸೂಜಿ ಕೆಲಸ ಮಾಡ್ಲಿಲ್ಲಂದ್ರ ನಾ ಊರಿಗೆ ಹೋಗಿಬಿಡ್ತೀನ್ರಿ. ಇನ್ನ ಯಾರ್ನೂ ಕೇಳೂದಿಲ್ಲ.”

ಊರಿಗೆ ಹೋಗುವುದೆಂದರೆ ಏನೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ರಕ್ತವಿಲ್ಲದೆ ಆ ಮೈ ಎರಡು ತಿಂಗಳು ತಾಳುವುದೂ ಕಷ್ಟ. “ಇನ್ನೂ ಆರು ವಾರ ಇದೆ, ನೋಡೋಣ ಇರಿ,” ಎಂದೆ. ನನ್ನ ದನಿಯಲ್ಲಿ ಗಟ್ಟಿತನ ಇರಲಿಲ್ಲ.

ಕಾರಣ ಹುಡುಕಲು ಹೊರಟೆ. ಮೊದಲು ಕಬ್ಬಿಣಾಂಶ. ಹಾರ್ಮೋನು ಎಷ್ಟು ತಾಕೀತು ಮಾಡಿದರೂ ಕಬ್ಬಿಣವಿಲ್ಲದೆ ಮಜ್ಜೆ ಕೆಂಪು ಕಣ ಕಟ್ಟಲಾರದು. ಐವರ ರಕ್ತವನ್ನೂ ಪರೀಕ್ಷೆಗೆ ಕಳಿಸಿದೆ, ಕಬ್ಬಿಣ ಸಾಕಷ್ಟಿತ್ತು. ಸೋಂಕು ಇದೆಯೇ, ಹೊಟ್ಟೆಯಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ನೋಡಿದೆವು. ಇಲ್ಲ. ಔಷಧಿಯ ಬ್ಯಾಚ್ ನಂಬರ್ ನೋಡಿದೆ, ನಮ್ಮ ಒಂಬತ್ತು ಮಂದಿಗೂ ಅದೇ ಬ್ಯಾಚ್.

ಕೊನೆಗೆ ಎಳೆಯ ಕೆಂಪು ಕಣಗಳನ್ನು ಎಣಿಸಿದೆ. ಔಷಧಿ ಕೆಲಸ ಮಾಡುತ್ತಿದ್ದರೆ ಹಿಮೋಗ್ಲೋಬಿನ್ ಏರುವುದಕ್ಕಿಂತ ಮೊದಲೇ, ಮಜ್ಜೆಯಿಂದ ಆಗಷ್ಟೇ ಹೊರಬಿದ್ದ ಎಳೆಯ ಕಣಗಳು ರಕ್ತದಲ್ಲಿ ಹೆಚ್ಚಬೇಕು. ರಕ್ತಕ್ಕೆ ನೀಲಿ ಬಣ್ಣ ಬೆರೆಸಿ, ಮೈ ಬಿಸಿಯಷ್ಟೇ ಬಿಸಿಯಲ್ಲಿ ಕಾಲು ಗಂಟೆ ಇಟ್ಟು, ಗಾಜಿನ ಮೇಲೆ ತೆಳ್ಳಗೆ ಎಳೆದು ಮೈಕ್ರೋಸ್ಕೋಪಿನಡಿ ನೋಡಿದರೆ ಬಲಿತ ಕಣಗಳು ಖಾಲಿ ಕಾಣುತ್ತವೆ, ಎಳೆಯವುಗಳೊಳಗೆ ನೀಲಿ ದಾರದ ಸಿಕ್ಕು ಕಾಣುತ್ತದೆ. ಸಾವಿರ ಕಣ ಎಣಿಸಬೇಕು. ವೈಟ್‌ಫೀಲ್ಡಿನವರಲ್ಲಿ ಸಾವಿರಕ್ಕೆ ಮೂವತ್ತರ ಮೇಲೆ ಸಿಕ್ಕವು. ಟರ್ನರ್ ಅವರ ರಕ್ತದಲ್ಲಿ ಒಂಬತ್ತು. ಔಷಧಿ ಶುರುವಾಗುವ ಮೊದಲೂ ಒಂಬತ್ತೇ ಇತ್ತು. ಮಜ್ಜೆಗೆ ತಾಕೀತೇ ಮುಟ್ಟಿಲ್ಲ ಎನ್ನುವ ಹಾಗೆ.

ಆಗ ನನ್ನ ತಲೆಗೆ ಹೊಳೆದದ್ದು ಒಂದೇ: ಚುಚ್ಚುತ್ತಿಲ್ಲ! ಸಿಸ್ಟರ್ ಸುಮ್ಮನೆ ರಿಜಿಸ್ಟರ್ ತುಂಬಿಸುತ್ತಿದ್ದಾರೆ. ಕೋಪ ನನಗೆ ಮೂಗಿನ ತುದಿಯಲ್ಲೇ. ಮರುದಿನ ಬೆಳಗಿನ ಮೊದಲ ಬಸ್ಸಿಗೇ ಪೀಣ್ಯಕ್ಕೆ ಹೋದೆ.

ಸಿಸ್ಟರ್ ನೆಲಮಂಗಲ ಕಡೆಯವರು, ನನಗಿಂತ ಹದಿನೈದು ವರ್ಷವಾದರೂ ದೊಡ್ಡವರು. ಹಳ್ಳಿಗಳಲ್ಲಿ ಮನೆಮನೆ ತಿರುಗಿ ಮಕ್ಕಳಿಗೆ ಲಸಿಕೆ ಹಾಕಿ, ಆಮೇಲೆ ಈ ಡಿಸ್ಪೆನ್ಸರಿಗೆ ಸೇರಿದ್ದವರು. ಕೂರಲು ಕುರ್ಚಿ ಒರೆಸಿ ಕೊಟ್ಟರು. ನಾನು ಕೂರಲಿಲ್ಲ.

“ಸಿಸ್ಟರ್, ನಿಜ ಹೇಳಿ. ಇಂಜೆಕ್ಷನ್ ದಿನ ತಪ್ಪದೆ ಕೊಡ್ತಿದೀರಾ? ಇಲ್ಲಾ ಬರೀ ಟಿಕ್ ಹಾಕ್ತಿದೀರಾ?”

ಅವರ ಮುಖ ಕೆಂಪಾಯಿತು. “ಅಂಗಂದ್ರೆ ನಾನು ಸುಳ್ಳು ಬರ್ದಿವ್ನಿ ಅಂತೀರಾ ಮೇಡಂ? ಇಪ್ಪತ್ತೆಂಟ್ ವರ್ಸ ಸೂಜಿ ಇಡ್ದಿರೋ ಕೈ ಇದು. ಒಂದ್ ದಿನಾನೂ ತಪ್ಸಿಲ್ಲ. ಜ್ವರ ಬಂದಾಗ್ಲೂ ಬಂದು ಚುಚ್ಚಿವ್ನಿ. ಬೇಕಾದ್ರೆ ಅವ್ರನ್ನೇ ಕೇಳಿ.”

ಕೇಳಿದೆ, ನಾಚಿಕೆಗೆಟ್ಟು. ಬೆಂಚಿನ ಮೇಲೆ ತಮ್ಮ ಸರದಿಗೆ ಕಾದಿದ್ದ ಟರ್ನರ್ ಅಂಗಿಯ ಗುಂಡಿ ಬಿಚ್ಚುತ್ತಲೇ ಹೇಳಿದರು: “ವಾರಕ್ಕ ಮೂರು, ಒಂದೂ ತಪ್ಪಿಲ್ರಿ. ಅಕ್ಕಾರು ನನ್ನ ಸಲುವಾಗಿ ಬೆಳಿಗ್ಗಿ ಏಳಕ್ಕ ಬಾಗ್ಲಾ ತಗೀತಾರ. ಶಿಫ್ಟಿಗೆ ತಡಾ ಆಗಬಾರ್ದು ಅಂತ.”

ಫ್ರಿಜ್ಜಿನ ಬಾಗಿಲ ಮೇಲಿನ ಹಾಳೆ ನೋಡಿದೆ. ಬೆಳಿಗ್ಗೆ ನಾಲ್ಕು ಡಿಗ್ರಿ, ಸಂಜೆ ಐದು ಡಿಗ್ರಿ, ಮುತ್ತು ಪೋಣಿಸಿದಂತೆ ಬರೆದಿದ್ದರು. ಒಂದು ಮನೆಯೂ ಖಾಲಿ ಇರಲಿಲ್ಲ. ನನ್ನ ಬಾಯಿಂದ ಒಂದು ‘ಸಾರಿ’ ಬರಬೇಕಿತ್ತು. ಬರಲಿಲ್ಲ. “ಸರಿ, ನೋಡ್ತೀನಿ,” ಎಂದು ಗೊಣಗಿ ಬಸ್ಸು ಹತ್ತಿದೆ.

ಒಂಬತ್ತನೆಯ ವಾರ ಟರ್ನರ್ ಅವರ ಹಿಮೋಗ್ಲೋಬಿನ್ ಆರೂವರೆಗೆ ಇಳಿಯಿತು. ಮತ್ತೆ ಎರಡು ಬಾಟಲಿ ರಕ್ತ ಹಾಕಿದೆವು. ಶಾಪಿನಲ್ಲಿ ಕೊಡದೆ ಉಳಿದಿದ್ದ ಕೊನೆಯ ಇಬ್ಬರು ಬಂದು ಕೊಟ್ಟರು. ಪ್ರಯೋಗದ ಮುಖ್ಯಸ್ಥರಾಗಿದ್ದ ನಮ್ಮ ಡಾಕ್ಟರು ಫೈಲು ಮುಚ್ಚಿ ಹೇಳಿದರು: “ನಾನ್-ರೆಸ್ಪಾಂಡರ್ ಅಂತ ಬರೆದ್ಬಿಡಮ್ಮ. ಐದೂ ಜನಾನೂ. ಹನ್ನೆರಡನೇ ವಾರಕ್ಕೆ ಕ್ಲೋಸ್ ಮಾಡೋಣ.”

ಮುಂದಿನ ವಾರ, ಫಾರಂ ತುಂಬುವ ಮೊದಲು ಖಾಲಿ ಸೀಸೆಗಳನ್ನು ಎಣಿಸಿ ಮುಗಿಸಬೇಕಿತ್ತು. ಪ್ರಯೋಗದಲ್ಲಿ ಒಂದು ಸೀಸೆಯನ್ನೂ ಎಸೆಯುವಂತಿಲ್ಲ. ಬಳಸಿದ್ದೆಲ್ಲ ವಾಪಸು ಬರಬೇಕು, ಲೇಬಲ್ಲಿನ ನಂಬರನ್ನು ರಿಜಿಸ್ಟರಿನ ಜೊತೆ ತಾಳೆ ನೋಡಬೇಕು. ನಾನು ಈ ಕೆಲಸವನ್ನು ಸಾಮಾನ್ಯವಾಗಿ ಅಟೆಂಡರಿಗೆ ಬಿಡುತ್ತಿದ್ದೆ. ಅವತ್ತು ಯಾರೂ ಇರಲಿಲ್ಲ. ಎರಡು ಡಬ್ಬಿಗಳನ್ನು ಮೇಜಿನ ಮೇಲೆ ಸುರಿದುಕೊಂಡು ಒಂದೊಂದೇ ನಂಬರು ಓದತೊಡಗಿದೆ.

ವೈಟ್‌ಫೀಲ್ಡಿನ ಡಬ್ಬಿ ಸರಾಗವಾಗಿ ಮುಗಿಯಿತು. ಪೀಣ್ಯದ ಡಬ್ಬಿಯಲ್ಲಿ ನಂಬರು ಓದಲು ತಿಣುಕಬೇಕಾಯಿತು. ಶಾಯಿ ಹರಡಿತ್ತು. ಲೇಬಲ್ಲಿನ ಕಾಗದ ನೆನೆದು ಒಣಗಿ ಸುಕ್ಕುಗಟ್ಟಿತ್ತು. ಒಂದಲ್ಲ, ಎರಡಲ್ಲ, ಡಬ್ಬಿಯಲ್ಲಿದ್ದ ಎಲ್ಲ ಸೀಸೆಗಳೂ ಹಾಗೇ. ತಂಪು ಪೆಟ್ಟಿಗೆಯ ಮಂಜು ಕರಗಿ ನೀರು ತಾಗಿತೇನೋ ಎಂದುಕೊಂಡೆ. ಆದರೆ ಸೀಸೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪ್ಯಾಕ್ ಮಾಡುತ್ತಿದ್ದವಳು ನಾನೇ. ಹಾಗಾದರೆ ನೀರು ಎಲ್ಲಿಂದ ಬಂತು? ಹೊರಗಿನ ಗಾಳಿಗೆ ಬಂದ ತಕ್ಷಣ ಮೈತುಂಬ ನೀರಿಳಿಸುವಷ್ಟು ತಣ್ಣಗಿದ್ದರೆ ಮಾತ್ರ ಹೀಗಾಗುತ್ತದೆ. ನಾಲ್ಕು ಡಿಗ್ರಿಯ ಸೀಸೆ ಸ್ವಲ್ಪ ಬೆವರುತ್ತದೆ. ಹೀಗೆ ತೊಯ್ದು ಹೋಗುವುದಿಲ್ಲ. ಎಣಿಕೆ ಅರ್ಧಕ್ಕೇ ಬಿಟ್ಟು ಪೀಣ್ಯಕ್ಕೆ ಹೊರಟೆ.

ಡಿಸ್ಪೆನ್ಸರಿಯಲ್ಲಿ ಕರೆಂಟ್ ಹೋಗಿತ್ತು. ಬೇಸಿಗೆ ಶುರುವಾದಾಗಿನಿಂದ ಆ ಕಡೆ ದಿನಕ್ಕೆ ಮೂರು ನಾಲ್ಕು ತಾಸು ಕರೆಂಟ್ ಇರುತ್ತಿರಲಿಲ್ಲ. ಸಿಸ್ಟರ್ ನನ್ನನ್ನು ನೋಡಿ ಮುಖ ಗಂಟಿಕ್ಕಿಕೊಂಡರು, ಕುರ್ಚಿ ಒರೆಸಲಿಲ್ಲ. ನಾನು ಫ್ರಿಜ್ಜಿನ ಬಾಗಿಲು ತೆಗೆದೆ. ಥರ್ಮಾಮೀಟರ್ ನಡುವಿನ ತಟ್ಟೆಯಲ್ಲಿ ನಾನು ತೂಗುಹಾಕಿದ್ದಲ್ಲೇ ಇತ್ತು, ಆರು ಡಿಗ್ರಿ. ಆ ತಟ್ಟೆಯಲ್ಲಿ ಒಂದೂ ಸೀಸೆ ಇರಲಿಲ್ಲ.

“ಸೀಸೆಗಳೆಲ್ಲಿ ಸಿಸ್ಟರ್?”

ಅವರು ಬಂದು, ಮೇಲಿದ್ದ ಫ್ರೀಜರಿನ ಪುಟ್ಟ ಬಾಗಿಲನ್ನು ಸರಿಸಿದರು. ಒಳಗೆ ಮಂಜುಗಡ್ಡೆಯ ಮಧ್ಯೆ, ಒಗೆದ ಬಿಳಿ ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿದ ಗಂಟು. ಬಿಚ್ಚಿ ತೋರಿಸಿದರು. ಆ ವಾರದ ಸೀಸೆಗಳು, ಒಳಗಿನ ಔಷಧಿ ಕಲ್ಲಾಗಿತ್ತು.

“ಪೋಲಿಯೋ ಅನಿ ಇಂಗೇ ಅಲ್ವಾ ಮೇಡಂ ಇಡೋದು,” ಎಂದರು. ಆ ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. “ಕರೆಂಟ್ ಓದ್ರೆ ಕೆಳಗಡೆ ಬಿಸಿ ಆಗೋಯ್ತದೆ. ಇಲ್ಲಿ ಐಸ್ ಗಟ್ಟಿಯಾಗಿದ್ರೆ ಮದ್ದೂ ಗಟ್ಟಿ. ಚುಚ್ಚೋ ದಿನ ಬೆಳಿಗ್ಗೆ ಮೊದ್ಲೇ ತೆಗ್ದು ಕರಗಾಕ್ ಬುಡ್ತೀನಿ. ನೀವೇ ಬರ್ದಿದೀರಲ್ಲ.”

ಬಾಗಿಲ ಮೇಲೆ ನನ್ನ ದುಂಡನೆಯ ಅಕ್ಷರ: ‘ಸದಾ ತಂಪಿನಲ್ಲಿಡಿ. ಯಾವ ಕಾರಣಕ್ಕೂ ಬಿಸಿ ತಾಗಬಾರದು.’ ಬಿಸಿ ಎಂಬ ಮಾತಿನ ಕೆಳಗೆ ಎರಡು ಗೆರೆ. ಹೆಪ್ಪುಗಟ್ಟಬಾರದು ಎಂದು ಒಂದೇ ಒಂದು ಮಾತು ಇರಲಿಲ್ಲ. ಅದು ಎಲ್ಲರಿಗೂ ಗೊತ್ತಿರುವ ವಿಷಯವೆಂದುಕೊಂಡಿದ್ದೆ. ಪೋಲಿಯೋ ಹನಿಯನ್ನು ಹೆಪ್ಪುಗಟ್ಟಿಸಿದರೆ ಬಾಳಿಕೆ ಬರುತ್ತದೆ. ಈ ಹಾರ್ಮೋನು ಒಮ್ಮೆ ಹೆಪ್ಪುಗಟ್ಟಿತೆಂದರೆ ಸತ್ತಂತೆ. ಕರಗಿದ ಮೇಲೆ ನೋಡಲು ಸ್ವಚ್ಛ ನೀರಿನ ಹಾಗೇ ಇರುತ್ತದೆ, ಚುಚ್ಚಿದರೆ ಅಪಾಯವೂ ಇಲ್ಲ, ಉಪಯೋಗವೂ ಇಲ್ಲ. ಹತ್ತು ವಾರ ಆ ಐವರಿಗೆ ಚುಚ್ಚಿದ್ದು ಅಂಥದ್ದನ್ನು.

ನಾನು ಅಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ವಿಷಯ ಹೇಳಿದೆ. ಸಿಸ್ಟರ್ ಬಾಯಿಗೆ ಸೆರಗು ಒತ್ತಿಕೊಂಡರು.

“ನನ್ ಕೈಯಾರೆ ಆಳ್ಮಾಡ್ಬುಟ್ನಾ?”

“ನಿಮ್ಮದಲ್ಲ ಸಿಸ್ಟರ್, ನನ್ನದು. ನಾನು ಬರೆದಿದ್ದನ್ನ ನೀವು ಅಕ್ಷರ ಬಿಡದೆ ಪಾಲಿಸಿದ್ರಿ. ಅವತ್ತು ಬಾಯಿಗೆ ಬಂದಂಗೆ ಮಾತಾಡಿದೆ. ತಪ್ಪಾಯ್ತು.”

ಅವರು ಮೂಗು ಒರೆಸಿಕೊಂಡು, “ಕಾಫಿ ಕುಡೀರಿ, ಮಕ ಬಿಳಚ್ಕೊಂಡದೆ,” ಎಂದರು.

ಸಂಜೆ ಡಾಕ್ಟರ ಮುಂದೆ ನಿಂತಾಗ ಆ ಕಾಫಿಯ ಬಲವೂ ಇಳಿದಿತ್ತು. ಅವರು ಕೆಟ್ಟ ಮನುಷ್ಯರಲ್ಲ. ಎಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನೋಡಮ್ಮ, ನೀನು ಬರೀತೀಯ, ಒಪ್ಪಿದೆ. ಕಂಪನಿಯವರು ಈ ಸೆಂಟರ್ರೇ ಬೇಡ ಅಂತ ಕ್ಲೋಸ್ ಮಾಡಿದ್ರೆ? ಇಲ್ಲಿ ಒಂಬತ್ತು ಜನ ಚೆನ್ನಾಗಾಗ್ತಿದಾರೆ. ಅವರ ಇಂಜೆಕ್ಷನ್ ನಾಳೆಯಿಂದ್ಲೇ ನಿಲ್ಲುತ್ತೆ. ಐದು ಜನಕ್ಕೋಸ್ಕರ ಒಂಬತ್ತು ಜನಾನ ಪಣಕ್ಕಿಡ್ತೀಯಾ?”

ಸುಮ್ಮನಿದ್ದರೆ ಐವರೂ ‘ಫಲ ಕಾಣಲಿಲ್ಲ’ ಎಂಬ ಪಟ್ಟಿ ಸೇರುತ್ತಾರೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಟರ್ನರ್ ಊರಿಗೆ ಹೋಗುತ್ತಾರೆ. ಬರೆದರೆ ನನ್ನ ಕೆಲಸವೂ ಹೋಗಬಹುದು, ಒಂಬತ್ತು ಮಂದಿಗೂ ಕೇಡಾಗಬಹುದು. ಕಾರಿಡಾರಿನಲ್ಲಿ ಎರಡು ಸುತ್ತು ಹಾಕಿದೆ. ಕೊನೆಗೆ ತಲೆಯಲ್ಲಿ ಉಳಿದದ್ದು ಒಂದು ಮಾತು. ಅದನ್ನೇ ಬಂದು ಡಾಕ್ಟರಿಗೆ ಹೇಳಿದೆ.

“ಸಾರ್, ಔಷಧಿ ಇವರಿಗೆ ಕೆಲಸ ಮಾಡಲಿಲ್ಲ ಅಂತ ಬರೆದ್ರೆ ಅದು ಸುಳ್ಳು. ಔಷಧಿ ಇವರಿಗೆ ಸಿಕ್ಕೇ ಇಲ್ಲ. ಸಿಗದೇ ಇರೋ ಔಷಧಿ ಸೋತಿದೆ ಅಂತ ಹೇಗೆ ಸಹಿ ಹಾಕಲಿ?”

ಡಾಕ್ಟರು ಕನ್ನಡಕ ಹಾಕಿಕೊಂಡು, “ಬರಿ. ನಿನ್ನ ಸಹಿ ಪಕ್ಕದಲ್ಲಿ ನಂದೂ ಇರಲಿ,” ಎಂದರು.

ಎರಡು ಪುಟ ಬರೆದೆ. ಸೂಚನೆ ಬರೆದವಳು ನಾನು, ಫ್ರೀಜರ್ ತೆಗೆದು ನೋಡದೆ ಸಹಿ ಹಾಕಿದವಳು ನಾನು ಎಂದು ಮೊದಲ ಸಾಲಿನಲ್ಲೇ ಹೇಳಿದೆ. ಸಿಸ್ಟರ್ ಹೆಸರು ಎಲ್ಲೂ ಬರದಂತೆ ನೋಡಿಕೊಂಡೆ. ಫ್ಯಾಕ್ಸ್ ಮಷೀನು ಎರಡನೆಯ ಪುಟವನ್ನು ಕಚ್ಚಿಕೊಂಡು ಕೂತಿತು. ಬಿಡಿಸಿ ಮತ್ತೆ ಕಳಿಸಿದೆ.

ನಾಲ್ಕು ದಿನಕ್ಕೆ ಬೊಂಬಾಯಿಯಿಂದ ಕಂಪನಿಯ ತಪಾಸಣಾಧಿಕಾರಿ ಬಂದಿಳಿದರು. ನಗುವ ಅಭ್ಯಾಸವಿಲ್ಲದ ಹೆಂಗಸು. ಎರಡು ದಿನ ನನ್ನ ರಿಜಿಸ್ಟರುಗಳನ್ನು ಜಾಲಾಡಿದರು. ಸೀಸೆಗಳು ಹೆಪ್ಪುಗಟ್ಟಿದ್ದಕ್ಕೆ ಪುರಾವೆ ಏನು, ನಿಮ್ಮ ಬಾಯಿಮಾತು ಸಾಲದು ಎಂದರು. ನಾನು ತಯಾರಾಗಿದ್ದೆ. ನಮ್ಮದೇ ಒಂಬತ್ತು ಮಂದಿಯ ಖಾಲಿ ಸೀಸೆಗಳಲ್ಲಿ ಕೆಲವಕ್ಕೆ ನೀರು ತುಂಬಿ, ಅರ್ಧದಷ್ಟನ್ನು ಫ್ರಿಜ್ಜಿನ ತಟ್ಟೆಯಲ್ಲೂ ಇನ್ನರ್ಧವನ್ನು ಫ್ರೀಜರಿನಲ್ಲೂ ಬಟ್ಟೆ ಸುತ್ತಿ ಇಟ್ಟು, ತೆಗೆದು ಕರಗಿಸಿ, ಮತ್ತೆ ಇಟ್ಟು, ಮೂರು ದಿನ ಹಾಗೇ ಮಾಡಿದ್ದೆ. ಮೂರು ಗುಂಪು ಸೀಸೆಗಳನ್ನು ಅವರ ಮುಂದೆ ಸಾಲಾಗಿ ಇಟ್ಟೆ. ತಟ್ಟೆಯಲ್ಲಿದ್ದವುಗಳ ಲೇಬಲ್ ಗರಿಗರಿಯಾಗಿತ್ತು. ಫ್ರೀಜರಿನವೂ ಪೀಣ್ಯದವೂ ಒಂದೇ ತರಹ ಸುಕ್ಕಾಗಿದ್ದವು, ಒಂದೇ ತರಹ ಶಾಯಿ ಹರಡಿತ್ತು. ಅವರು ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಮುಖ ಬದಲಾಗಲಿಲ್ಲ.

ಹೊರಡುವಾಗ ಇಷ್ಟೇ ಹೇಳಿದರು: ನೀವು ಮುಚ್ಚಿಟ್ಟಿದ್ದರೆ ನಮ್ಮ ಲೆಕ್ಕದಲ್ಲಿ ಐದು ಸೋಲು ಸುಳ್ಳಾಗಿ ಸೇರುತ್ತಿತ್ತು. ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಿದರೆ ಐವರಿಗೂ ಮೊದಲಿನಿಂದ ಹನ್ನೆರಡು ವಾರ ಕೊಡುತ್ತೇವೆ. ಸೆಂಟರ್ ನಡೆಯಲಿ. ಅವರ ಟ್ಯಾಕ್ಸಿ ಗೇಟು ದಾಟಿದ ಮೇಲೆ ನಾನು ಸ್ಟೋರ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಖುಷಿಗೇ ಅತ್ತದ್ದು.

ಸಮಿತಿ ಒಂದು ಷರತ್ತು ಹಾಕಿ ಒಪ್ಪಿತು. ಐವರಿಗೂ ನಡೆದದ್ದನ್ನೆಲ್ಲ ತಿಳಿಸಿ ಹೊಸದಾಗಿ ಒಪ್ಪಿಗೆ ಪಡೆಯಬೇಕು. ಅದು ನ್ಯಾಯವೇ. ಐವರನ್ನೂ ಪೀಣ್ಯದ ಡಿಸ್ಪೆನ್ಸರಿಯಲ್ಲಿ ಕೂರಿಸಿ ಹೇಳಿದೆ. ಹತ್ತು ವಾರ ನಿಮಗೆ ಚುಚ್ಚಿದ್ದು ಕೆಟ್ಟ ಔಷಧಿ, ತಪ್ಪು ನನ್ನದು. “ನಂದೂ ಅದೆ,” ಎಂದರು ಸಿಸ್ಟರ್ ಮೂಲೆಯಿಂದ. ಬೈಗುಳಕ್ಕೆ ಕಾದೆ. ಒಬ್ಬರು ಗೊಣಗಿದರು, ಒಬ್ಬರು ತಲೆ ಕೊಡವಿದರು. ಟರ್ನರ್ ಮಾತ್ರ ತಮ್ಮ ಅಂಗೈ ನೋಡಿಕೊಂಡರು.

“ನಾವೂ ಒಮ್ಮೊಮ್ಮೆ ಇಡೀ ಲಾಟ್ ರಿಜೆಕ್ಟ್ ಮಾಡ್ತೀವ್ರಿ ಮೇಡಂ. ಸೆಟ್ಟಿಂಗ್ ತಪ್ಪಿರ್ತೈತಿ. ಹಂಗಂತ ಮಷೀನ್ ಗುಜರಿಗೆ ಹಾಕೂದಿಲ್ಲ. ಸೆಟ್ಟಿಂಗ್ ಸರಿ ಮಾಡಿ ಮತ್ತ ಓಡಸ್ತೀವಿ,” ಎಂದು ಪೆನ್ನಿಗೆ ಕೈ ಚಾಚಿದರು. “ಎಲ್ಲಿ ಸಹಿ ಮಾಡ್ಲಿ?”

ಈ ಸಲ ಸೆಟ್ಟಿಂಗ್ ಸರಿ ಮಾಡಲು ಸಿಸ್ಟರ್ ನನಗಿಂತ ಮುಂದಿದ್ದರು. ಕರೆಂಟ್ ಹೋದಾಗ ಕೆಳಗಿನ ತಟ್ಟೆಗಳು ಬಿಸಿಯಾಗಬಾರದಲ್ಲ, ಅದಕ್ಕೆ ಏನು ಮಾಡುವುದೆಂದು ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ಅವರು ಹತ್ತಾರು ಬಾಟಲಿಗಳಲ್ಲಿ ನೀರು ತುಂಬಿಸಿ ಫ್ರಿಜ್ಜಿನ ಖಾಲಿ ಜಾಗವನ್ನೆಲ್ಲ ತುಂಬಿಬಿಟ್ಟರು. ಅಷ್ಟು ತಣ್ಣೀರು ಒಳಗಿದ್ದರೆ ನಾಲ್ಕು ತಾಸು ಕರೆಂಟ್ ಇಲ್ಲದಿದ್ದರೂ ಪಾದರಸ ಎಂಟು ದಾಟುತ್ತಿರಲಿಲ್ಲ. ನಾನು ಬಾಗಿಲ ಸೂಚನೆಯನ್ನು ಹರಿದು ಹೊಸದು ಬರೆದೆ. ಬರೆದ ಮೇಲೆ ಅವರಿಗೇ ಓದಿಸಿ, ಇದರಿಂದ ಏನು ತಿಳಿಯಿತು ಎಂದು ಕೇಳಿದೆ. ಈ ಅಭ್ಯಾಸವನ್ನು ಮುಂದೆಂದೂ ಬಿಡಲಿಲ್ಲ.

ಹೊಸ ಸುತ್ತಿನ ಹತ್ತನೆಯ ದಿನ ಟರ್ನರ್ ಅವರ ರಕ್ತ ಬಂತು. ನೀಲಿ ಬಣ್ಣ ಬೆರೆಸಿ, ಕಾಲು ಗಂಟೆ ಕಾದು, ಗಾಜಿನ ಮೇಲೆ ಎಳೆದು ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಮೊದಲ ನೋಟದಲ್ಲೇ ಒಂದು ಸಿಕ್ಕು ಕಂಡಿತು, ಪಕ್ಕದಲ್ಲೇ ಇನ್ನೊಂದು. ಗಾಜು ಸರಿಸಿದಲ್ಲೆಲ್ಲ ನೀಲಿ ದಾರದ ಎಳೆಗಳು. ಅವಸರದಲ್ಲಿ ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ ಎಣಿಸಿದೆ. ಸಾವಿರಕ್ಕೆ ಮೂವತ್ತೇಳು. ಮಜ್ಜೆಗೆ ತಾಕೀತು ಮುಟ್ಟಿತ್ತು! ಡಾಕ್ಟರು ಹೊರರೋಗಿಗಳನ್ನು ನೋಡುತ್ತಿದ್ದ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದೆ. ಅವರು ರೋಗಿಯನ್ನು ಕಾಯಲು ಹೇಳಿ ನನ್ನ ಜೊತೆ ಲ್ಯಾಬಿಗೆ ಓಡಿಬಂದು, ತಾವೂ ಕಣ್ಣಿಟ್ಟು, “ಸಕ್ಕತ್ ಕಣಮ್ಮ!” ಎಂದರು. ಅವರ ಬಾಯಲ್ಲಿ ಆ ಮಾತು ಅದಕ್ಕೆ ಮೊದಲು ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ.

ಎಳೆಯ ಕಣ ಬಲಿತು ಹಿಮೋಗ್ಲೋಬಿನ್ ಆಗಿ ಕಾಣಲು ಮತ್ತೂ ಕೆಲವು ವಾರ ಬೇಕು. ನಾಲ್ಕನೆಯ ವಾರ ಟರ್ನರ್ ಅವರದು ಎಂಟರ ಹತ್ತಿರ ಬಂತು. ಎಂಟನೆಯ ವಾರ ಒಂಬತ್ತೂವರೆ. ಮೆಟ್ಟಿಲ ಮೇಲೆ ಮೂರು ಸಲ ಕೂರುತ್ತಿದ್ದವರು ಒಮ್ಮೆ ಕೂತರಂತೆ, ಆಮೇಲೆ ಕೂರುವುದನ್ನೇ ಬಿಟ್ಟರಂತೆ. ಐವರಲ್ಲಿ ನಾಲ್ವರಿಗೆ ಏರಿತು. ಒಬ್ಬರಿಗೆ ಏರಲೇ ಇಲ್ಲ. ಈ ಸಲ ಅದು ನಿಜವಾಗಿ ಔಷಧಿಯ ಸೋಲು, ಹಾಗೆಂದೇ ಬರೆದೆ. ಮೈಲೋಮಾ ಯಾರಿಂದಲೂ ದೂರ ಹೋಗಿರಲಿಲ್ಲ. ಹೋಗಿದ್ದು ಅದರ ಹಿಂದೆ ಬಂದಿದ್ದ ನಿತ್ರಾಣ. ಲೇಥ್ ಮುಂದೆ ನಿಲ್ಲುವವರಿಗೆ ಅದೇ ದೊಡ್ಡದು.

ಹನ್ನೆರಡನೆಯ ವಾರದ ಕೊನೆಯ ಪರೀಕ್ಷೆ ಒಂದು ಭಾನುವಾರ ಬಿತ್ತು. ಟರ್ನರ್ ಜೊತೆ ಅವರ ಶಾಪಿನ ಮೂವರು ಬಂದಿದ್ದರು. ಅವರ ಮೂರು ತಿಂಗಳು ಕಳೆದಿತ್ತು, ಸರದಿ ಮತ್ತೆ ಬಂದಿತ್ತು. ಯಾರೂ ಹೇಳಿ ಕಳಿಸಿರಲಿಲ್ಲ. ನಾನು ಚೀಟಿ ಹಿಡಿದು ಹೊರಗೆ ಬರುವಷ್ಟರಲ್ಲಿ ರಕ್ತನಿಧಿಯ ಬೆಂಚಿನ ಮೇಲೆ ತೋಳು ಮಡಿಸಿಕೊಂಡು ಕೂತೇಬಿಟ್ಟಿದ್ದರು.

“ಹತ್ತೂ ಕಾಲು,” ಎಂದು ಚೀಟಿ ಓದಿದೆ. “ಇವತ್ತು ಇವರಿಗೆ ರಕ್ತ ಬೇಕಾಗಿಲ್ಲ. ಮನೆಗೆ ಹೋಗಿ ರಜೆ ಅನುಭವಿಸಿ.”

ಮೂವರೂ ಮುಖ ಮುಖ ನೋಡಿಕೊಂಡರು. ಒಬ್ಬ ನಂಬದೆ ನನ್ನ ಕೈಯಿಂದ ಚೀಟಿ ಇಸಿದುಕೊಂಡು ತಾನೇ ಓದಿದ. ಇನ್ನೊಬ್ಬ, “ಅಲ್ರೀ ಮೇಡಂ, ಮೂರ್ ಬಸ್ ಹತ್ತಿ ಬಂದೇವಿ. ಒಂದೊಂದ್ ಬಾಟ್ಲಿ ಆದ್ರೂ ತಗೋರಿ!” ಎಂದ.

ಟರ್ನರ್ ಅವರ ಕಣ್ಣು ತುಂಬಿತ್ತು, ಮೀಸೆಯ ಕೆಳಗೆ ನಗು ಇತ್ತು. ಕೌಂಟರಿಗೆ ಹೋಗಿ ಮೂರು ಫಾರಂ ಕೇಳಿ ತಂದು, ಬೆಂಚಿನ ತುದಿಯಲ್ಲಿ ಕೂತು, ಒಬ್ಬೊಬ್ಬರ ಹೆಸರು, ಊರು, ವಯಸ್ಸು ಕೇಳಿ ತಾವೇ ತುಂಬಿದರು. ‘ಯಾವ ರೋಗಿಗಾಗಿ’ ಎಂಬ ಮನೆ ಕೊನೆಯಲ್ಲಿತ್ತು. ಎಂಟು ತಿಂಗಳಿಂದ ಆ ಮನೆಯಲ್ಲಿ ಅವರದೇ ಹೆಸರು ಬೀಳುತ್ತಿತ್ತು. ಅಲ್ಲಿ ಪೆನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಮನೆ ಖಾಲಿ ಬಿಟ್ಟರೆ ನನಗೆ ಆಗುವುದಿಲ್ಲವೆಂದು ಅವರಿಗೂ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಆಮೇಲೆ ಮೂರೂ ಫಾರಮ್ಮುಗಳಲ್ಲಿ ನಿಧಾನವಾಗಿ, ಒತ್ತಿ ಬರೆದರು: ‘ಯಾರಿಗೆ ಬೇಕೋ ಅವರಿಗೆ.’